ತೂಕದ ಕಟ್ಟೆ

ಮುನಿರಾಬಾದಿನ ಹೊಳೆದಂಡೆಯ ಸೈಡಿಂಗಿಗೆ
ಕೊನೆಯ ಗೂಡ್ಸು ಬಂದು ಹೋದದ್ದು ಯಾವಾಗೆಂದು
ಯಾರಿಗೂ ನೆಟ್ಟಗೆ ನೆನಪಿಲ್ಲ.
ಮೀಟರ್‌ಗೇಜು ಕಿತ್ತ ವರ್ಷ ಅಂತಾರೆ ಕೆಲವರು,
ಗಾಳೆಪ್ಪನ ಮಗಳ ಮದುವೆಯ ವರ್ಷ ಅಂತಾರೆ ಇನ್ನು ಕೆಲವರು.
ಆಮೇಲೆ ಬಂದದ್ದು ಬಳ್ಳಾರಿ ಜಾಲಿ.
ಟಿಕೀಟಿಲ್ಲದೆ ಬಂತು,
ಇಳಿಯಲೇ ಇಲ್ಲ.

ಈಗ ಪಾರ್ಕು.
ಜೆಸಿಬಿ ಹದಿನೆಂಟು ದಿನ ಜಾಲಿಯ ಸಂಗಡ ಜಗಳಾಡಿತು.
ಬೇರಿನ ಜೊತೆ ಎದ್ದು ಬಂದವು
ಫಿಶ್‌ಪ್ಲೇಟು, ಬೋಲ್ಟು, ಲಾಟೀನಿನ ಒಂದು ಕಿವಿ,
ವ್ಯಾಗನ್ನಿನ ಬಾಗಿಲಿಗೆ ಒತ್ತುತ್ತಿದ್ದ ಸೀಸದ ಸೀಲುಗಳು.
ಹುಡುಗರು ಆರಿಸಿಕೊಂಡು ಹೋಗಿ
ಬಲೆಯ ಅಂಚಿಗೆ ಕಟ್ಟಿದರು;
ಹೊಳೆಯ ತಳದಲ್ಲೀಗ ಅವು ಮೀನು ಕಾಯುತ್ತವೆ.

ಸ್ಲೀಪರುಗಳಲ್ಲಿ ಗಟ್ಟಿಯಿದ್ದವು ಬೆಂಚಾದವು,
ಉಳಿದವು ಯಾರ ಒಲೆಗೆ ಹೋದವೋ ಕೇಳಬೇಡಿ.
ಜಲ್ಲಿಯ ಮೇಲೆ ಎರಡು ಗೇಣು ಕೆರೆಮಣ್ಣು,
ಅದರ ಮೇಲೆ ಚಾಪೆಯಂತೆ ಸುತ್ತಿ ಲಾರಿಯಲ್ಲಿ ತಂದ ಹುಲ್ಲು.
"ಇಲ್ಲಿ ಏನಿತ್ತು ಅಂತ ಗೊತ್ತಾಗಬಾರ್ದು ನೋಡು, ಹಂಗಾಗ್ಬೇಕು"
ಅಂದರು ಇಂಜಿನಿಯರು ವಿರುಪಣ್ಣ ಸಾಹೇಬರು.
ನಾನು ಪೈಪು ಹಿಡಿದು ನಿಂತಿದ್ದೆ.

ಅದಿರಿನ ದೂಳು ಇತ್ತು.
ನೀರು ಬಿಟ್ಟ ಮೂರನೆಯ ದಿನಕ್ಕೆ
ಹುಲ್ಲಿನ ಬುಡದಿಂದ ಕೆಂಪು ಮೇಲೆದ್ದಿತು.
ಸಾಹೇಬರ ಬಿಳಿ ಬೂಟು
ಎಲೆಅಡಿಕೆ ಹಾಕಿಕೊಂಡಂತಾಯಿತು.

ತೂಕದ ಕಟ್ಟೆಯೊಂದು ಹಾಗೇ ಉಳಿಯಿತು.
ಇತಿಹಾಸವೆಂದಲ್ಲ;
ಆ ಕಬ್ಬಿಣದ ಹಲಗೆ ಎತ್ತುವ ಕ್ರೇನಿಗೆ
ಎಸ್ಟಿಮೇಟಿನಲ್ಲಿ ದುಡ್ಡು ಹಿಡಿದಿರಲಿಲ್ಲ.

ಆ ಹಲಗೆಯ ಮೇಲೆ ನಮ್ಮವ್ವ ಫಕೀರವ್ವ ಒಮ್ಮೆ ನಿಂತಿದ್ದಳು.
ವ್ಯಾಗನ್ನು ತಡವಾದ ಒಂದು ಮಧ್ಯಾಹ್ನ
ತೂಕದ ಗುಮಾಸ್ತ ಮರ್ದಾನಸಾಬ
ಕಸ ಹೊಡೆಯುವ ಹೆಂಗಸರನ್ನೆಲ್ಲ ಹತ್ತಿಸಿ ನಿಲ್ಲಿಸಿದನಂತೆ,
ತಮಾಷೆಗೆ.
ಹನ್ನೊಂದು ಮಂದಿ, ಹನ್ನೊಂದು ಪೊರಕೆ,
ಹಳಿಯ ನಡುವೆ ಚೆಲ್ಲಿದ ನೆಲ್ಲು, ಕಾಳು ಕಾಳು ಆಯ್ದು
ಸೆರಗಿಗೆ ಕಟ್ಟಿಕೊಂಡದ್ದೂ ಸೇರಿ.
ಮುಳ್ಳು ಒಂದಿಷ್ಟು ಅಲುಗಿತಂತೆ, ಅಷ್ಟೇ.
"ನೀವು ಇದರ ಲೆಕ್ಕಕ್ಕ ಬರೂದಿಲ್ಲ, ಇಳೀರಿ" ಅಂದನಂತೆ.
"ಹನ್ನೆರಡು ಮಂದಿ ಇದ್ವಿ,"
ಅವ್ವ ಈಗಲೂ ತಿದ್ದುತ್ತಾಳೆ,
ಗದ್ದದಿಂದ ನನ್ನ ಕಡೆ ತೋರಿಸಿ.

ಪಾರ್ಕು ತೆರೆದ ದಿನ ನನಗೆ
ಸೀರೆಯ ಮೇಲೆ ಹಾಕಿಕೊಳ್ಳಲು ಒಂದು ಖಾಕಿ ಅಂಗಿ ಕೊಟ್ಟರು,
ಕೊರಳಿಗೆ ಒಂದು ಸೀಟಿ.
ಹುಲ್ಲು ತುಳಿದವರಿಗೆ ಊದಬೇಕು.

ಸಂಜೆ ಅವ್ವ ಬಂದಳು.
ಕಲ್ಲುಹಾಸಿದ ಹಾದಿ ಬಿಟ್ಟು
ಎರಡನೇ ಲೈನು ಇದ್ದಲ್ಲಿಗೆ ನೇರ ನಡೆದಳು,
ಬಗ್ಗಿದಳು,
ಹುಲ್ಲಿನೊಳಗೆ ಬೆರಳು ಆಡಿಸಿದಳು.
ಬೆರಳಿಗೆ ಯಾರೂ ಹೇಳಿರಲಿಲ್ಲ, ಇದು ಪಾರ್ಕು ಅಂತ.
ರೈಲ್ವೆ ಪೊಲೀಸಿನ ಸೀಟಿ ಕೇಳಿದರೆ
ಚೀಲ ಬಿಟ್ಟು ಹೊಳೆಯ ಕಡೆ ಓಡಿ
ಮೊಳಕಾಲುದ್ದ ನೀರಿನಲ್ಲಿ ನಿಲ್ಲುತ್ತಿದ್ದವಳು.
ತಲೆ ಎತ್ತಿ ನನ್ನ ಕೊರಳು ನೋಡಿದಳು.
"ಊದವಾ, ಊದು.
ಇನ್ನೂ ಓಡ್ತೀನೇನು ಅಂತ ನಾನೂ ನೋಡಬೇಕು."

ಊದಿದೆ. ಮೆಲ್ಲಗೇ ಊದಿದೆ.
ಬೆಂಚಿನ ಮೇಲಿದ್ದ ಜೋಡಿಯೊಂದು ದಿಗ್ಗನೆ ಎದ್ದು
ದೂರ ದೂರ ಕೂತಿತು.
ಅವ್ವ ಮಾತ್ರ ನಿಧಾನ ಹೋಗಿ
ಹಲಗೆಯ ಮೇಲೆ ಕಾಲು ಚಾಚಿ ಕುಳಿತಳು.

ಮಕ್ಕಳು ಸುತ್ತ ಸೇರಿದರು, ಕೈ ಹಿಡಿದರು,
ಒಂದು, ಎರಡು ಅಂದು ಒಟ್ಟಿಗೆ ನೆಗೆದರು.
ಕೆಳಗೆಲ್ಲೋ ತುಕ್ಕು ನರಳಿತು.
ಹಲಗೆ ಒಂದು ನೂಲಿನಷ್ಟು ಇಳಿಯಿತು.
"ಎಷ್ಟು ತೋರಸ್ತು?" ಅವ್ವ ಅಲ್ಲಿಂದಲೇ ಕೂಗಿದಳು.
ಪೈಪು ನೆಲಕ್ಕೆ ಬಿಟ್ಟು ಹೋಗಿ
ಮುಳ್ಳಿನ ಪೆಟ್ಟಿಗೆಯಲ್ಲಿ ಇಣುಕಿದೆ.
ಮುಳ್ಳಿರಲಿಲ್ಲ. ಗೊರವಂಕದ ಗೂಡು,
ಒಳಗೆ ನೀಲಿ ಮೊಟ್ಟೆ.
"ನಾಕು," ಅಂದೆ.
"ನಾಕು ಏನು? ಟನ್ನೋ, ಕ್ವಿಂಟಲ್ಲೋ?"

ಹಿಂದೆ ಪೈಪಿನ ನೀರು
ಹಾದಿಗುಂಟ ಹರಿದು ಹೊಳೆಗೆ ಇಳಿಯುತ್ತಿತ್ತು,
ಕೆಂಪಗೆ.