ಮೂರು ಸೆಕೆಂಡಿನ ತಡ

ಇಪ್ಪತ್ತೆರಡು ವರ್ಷ ಸೈಡ್‌ವಿಂಗಿನ ಕತ್ತಲಲ್ಲಿ ನಿಂತು
ಅವರಿವರ ಬಾಯಿಗೆ ಮಾತು ದಾಟಿಸಿದವನು ನಾನು.
ಮುಲುಂಡಿನ ಹೋಟೆಲಿನಲ್ಲಿ ಗಲ್ಲಾ ಮುಗಿಸಿ
ಡೊಂಬಿವಲಿಯ ಸ್ಲೋ ಲೋಕಲಿನ ಬಾಗಿಲಿಗೆ ಒರಗಿ
ಇಡೀ ನಾಟಕವನ್ನು ತುಟಿಯೊಳಗೇ ಆಡಿಕೊಂಡು ಬಂದವನು.
ಕರಪತ್ರದಲ್ಲಿ ನನ್ನ ಹೆಸರು
ಮೈಕು ಬಾಡಿಗೆ ಕೊಟ್ಟವರ ಕೆಳಗೆ.

ಮಾರ್ಚಿಯಲ್ಲಿ ಲೋಕಲ್ ನಿಂತಿತು.
ಮೊದಲು ಗೊತ್ತಾದದ್ದು ಗೋಡೆಗೆ:
ಹಳಿಯ ಕಡೆ ಮೊಳೆಗೆ ತೂಗಿದ್ದ ಸೌಟು
ನಾಲ್ಕು ನಿಮಿಷಕ್ಕೊಮ್ಮೆ ಅಲುಗುವುದನ್ನು ಬಿಟ್ಟಿತ್ತು.

ಐದನೆಯ ದಿನ ಗುಲಾಬಿ ಟೀಚರ ಫೋನು.
ರಾತ್ರಿಶಾಲೆಯ ಸೀಮೆಸುಣ್ಣ ನುಂಗಿ ಒರಟಾದ ದನಿ:
"ಒಂಬತ್ತಕ್ಕೆ ರಿಹರ್ಸಲ್. ತಡವಾದರೆ ಹೊರಗೆ ನಿಲ್ಲಿಸುತ್ತೇನೆ."
ಯಾವ ಹೊರಗೆ, ಟೀಚರ್?
ನಕ್ಕರು. ಆ ವಾರ ನಾನು ಕೇಳಿದ ಮೊದಲ ನಗೆ.

ಐದು ಮನೆಗಳ ಮಿಕ್ಸರು, ಹಟ ಹಿಡಿದ ಒಂದು ಮಗು,
ವಡಾಲಾದ ಕಡೆಯ ಆಂಬುಲೆನ್ಸು,
ಎಲ್ಲ ಒಂದೇ ಫೋನಿನೊಳಗೆ.
ಒಂದೇ ಕೋಣೆಯ ಮನೆಯವನು ಲೀಲಾಧರ ಕುಂದರ್,
ಚಾಳಿನ ನೀರಿನ ಟಾಂಕಿಯ ಮೇಲೆ ಕೂತು ಅಣ್ಣನಾದ.
ಭಾಂಡುಪಿನಿಂದ ಭುಜಂಗ ಸುವರ್ಣ, ತಮ್ಮ.
ತಾಯಿಯ ಪಾತ್ರದ ಜಲಜಾಕ್ಷಿಗೆ ಕುಕ್ಕರಿನ ಸೀಟಿಯೇ ಸೂಚನೆ:
ಮೂರನೆಯದಕ್ಕೆ ಪ್ರವೇಶ.

ನಾಟಕದಲ್ಲಿ ಅಣ್ಣತಮ್ಮ ಒಂದೇ ಅಂಗಳಕ್ಕೆ ಕಚ್ಚಾಡುವವರು.
ಫೋನಿನಲ್ಲಿ ಮಾತು ಹೊರಟು ಮುಟ್ಟಲು ಮೂರು ಸೆಕೆಂಡು.
ಅಣ್ಣ ಬೈದು ಮುಗಿಸಿ ನೀರು ಕುಡಿಯುವ ಹೊತ್ತಿಗೆ
ತಮ್ಮನಿಗೆ ಸಿಟ್ಟು ಬರುತ್ತಿತ್ತು.
ಮೂರು ರಾತ್ರಿ ಸಿಮ್ ಕಂಪನಿಗೆ ಶಾಪ ಹಾಕಿದೆವು.
ನಾಲ್ಕನೆಯ ರಾತ್ರಿ ಟೀಚರ್ ಅಂದರು:
"ಅಂಗಳ ತೆಗೆಯಿರಿ. ನಡುವೆ ಖಾಡಿ ಇಡಿ."

ಅಷ್ಟೇ.
ಅಣ್ಣ ಈ ದಡ, ತಮ್ಮ ಆ ದಡ.
ಬೈಗುಳ ನೀರಿನ ಮೇಲೆ ನಡೆದು ಹೋಗಿ
ಅರ್ಧ ನೆನೆದು ತಲುಪುತ್ತದೆ.
ತಲುಪುವುದರೊಳಗೆ ಬೈದವನ ಮುಖ
ಬೇರೆಯಾಗಿರುತ್ತದೆ.
ಬೆಳಕಿನ ತಾಮ್ಹಣಕರ್, ಅರೆಬರೆ ಕನ್ನಡ,
"ಖಾಡಿ ನಾನು ಕೊಡ್ತೆ, ಭಾವೂ" ಅಂದ.
ಸ್ಟೀಲಿನ ಪರಾತದಲ್ಲಿ ನೀರು ತುಂಬಿ, ಟಾರ್ಚು ಹಿಡಿದು
ಮನೆಯ ಚಾವಣಿಗೆ ಅಲೆ ಎಬ್ಬಿಸಿ ವಿಡಿಯೊ ಕಳಿಸಿದ.
ಎರಡು ತಿಂಗಳ ಬಾಡಿಗೆ ಬಾಕಿಯಿದ್ದ ಚಾವಣಿ.

ನನಗೆ ಮಾತ್ರ ಕೆಲಸವಿಲ್ಲ.
ಎಲ್ಲರ ಕೈಯಲ್ಲೂ ಪ್ರತಿ; ಮರೆತರೆ ಎಂಬ ಭಯವಿಲ್ಲ.
ಧಣಿ ಕೊಟ್ಟ ಅಕ್ಕಿಮೂಟೆಯ ಮೇಲೆ ಕೂತು ಕೇಳುತ್ತಿದ್ದೆ.
ಆದರೂ ಒಂಬತ್ತಾಗುವಾಗ ಶರ್ಟು ಹಾಕಿಕೊಳ್ಳುತ್ತಿದ್ದೆ,
ಯಾಕೋ.

ಮರುವರ್ಷದ ಏಪ್ರಿಲ್.
ಭುಜಂಗ ಫೋನಿಗೆ ಬಂದ, ಮಾತು ಬರಲಿಲ್ಲ.
ಹಿಂದೆ ಯಂತ್ರವೊಂದರ ಬೀಪು,
ದೊಡ್ಡ ಶೆಡ್ಡಿನ ಕೆಳಗೆ ನೂರಾರು ಹಾಸಿಗೆಗಳ ಕೆಮ್ಮು.
ಟೀಚರ್ ತುಸು ತಡೆದು ಅಂದರು:
"ಪ್ರಾಂಪ್ಟರ್, ಇವತ್ತು ತಮ್ಮನ ಮಾತು ನಿಮ್ಮದು."

ಗಟ್ಟಿ ದನಿ ನನಗಿಲ್ಲ. ಪಿಸುಗುಟ್ಟಿದೆ:
"ಅಣ್ಣಾ, ಆ ಕಡೆ ಮಳೆ ಬಂತಾ?"
ಆಮೇಲೆ, ಟಕ್.
ಅವನ ಉಗುರು, ಫೋನಿನ ಗಾಜಿನ ಮೇಲೆ.
ಅವನು ಉಸಿರು ಎಳೆದುಕೊಳ್ಳುತ್ತಿದ್ದ ಜಾಗಗಳಲ್ಲೆಲ್ಲ ಟಕ್.
ನಾನು ಅವಸರ ಮಾಡಿದಲ್ಲಿ ಟಕ್ ಟಕ್:
ತಪ್ಪು, ಇನ್ನೊಮ್ಮೆ.
ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು
ನನಗೇ ಪ್ರಾಂಪ್ಟ್ ಮಾಡುತ್ತಿದ್ದ, ಕಳ್ಳ.

ಈಗ ಹಾಲು ತೆರೆದಿದೆ.
ಒಂದು ಬಿಟ್ಟು ಒಂದು ಕುರ್ಚಿಗೆ ಹಳದಿ ಟೇಪು.
ಜನ ನಲವತ್ತೊಂದು, ಅದರಲ್ಲಿ ಕ್ಯಾಂಟೀನಿನವರು ನಾಲ್ಕು.
ಭುಜಂಗ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತ;
ದನಿ ಅರ್ಧಕ್ಕಿಳಿದಿದೆ, ಮೂರನೆಯ ಸಾಲು ದಾಟುವುದಿಲ್ಲ.
ಮೂರನೆಯ ಸಾಲಿನ ತನಕ ಆಡುತ್ತೇನೆ ಅಂದ.

ಖಾಡಿ ತೆಗೆದಿಲ್ಲ.
ಅಣ್ಣತಮ್ಮರ ನಡುವೆ ಹತ್ತೇ ಅಡಿ ಹಲಗೆ,
ಮೇಲೆ ತಾಮ್ಹಣಕರನ ಪರಾತದ ಅಲೆ.
ನೆಟ್‌ವರ್ಕಿನ ಹಂಗಿಲ್ಲ,
ಆದರೂ ಅಣ್ಣ ಕೂಗಿದ್ದು ತಮ್ಮನಿಗೆ
ಕೂಡಲೇ ಕೇಳಿಸುವುದಿಲ್ಲ.
ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ:
"ಮರೆತ, ಮಾರಾಯ."

ವಿಂಗಿನ ಕತ್ತಲಲ್ಲಿ ನನ್ನ ಬಾಯಿ ತೆರೆದಿದೆ.
ಮಾತು ಹಲ್ಲಿನ ತನಕ ಬಂದು ನಿಂತಿದೆ.
ಕೊಡುವುದಿಲ್ಲ.

ಒಂದು.

ಎರಡು.