ನಾಳೆ ಬಾ

ಬೋರ್ಡು ನಾನೇ ಬರೆದೆ, ಹಳೇ ರೆಕ್ಸಿನ್ ತುಂಡಿನ ಬೆನ್ನಿಗೆ.
ಸೀಮೆಸುಣ್ಣ ನಿಲ್ಲಲಿಲ್ಲ, ಬಿಳಿ ಪೇಂಟು ತಂದೆ:
ಪುತ್ತುಬಾವ ಕುಷನ್ ವರ್ಕ್ಸ್
ಸೋಮ, ಬುಧ, ಶನಿ. ಹತ್ತರಿಂದ ಒಂದು.
ಇನ್ನೇನೋ ಬರೆಯಬೇಕೆಂದಿದ್ದೆ, ಜಾಗ ಸಾಲಲಿಲ್ಲ.
ನೆಬಿಸ ನೋಡಿ ಅಂದಳು,
ಯಾವಾಗ ಡಾಕ್ಟರ್ ಆದಿರಿ?

ನಲವತ್ತೊಂದು ವರ್ಷ
ಮೂಡಿಗೆರೆಯ ಜೀಪುಗಳ ತಲೆಗೆ ಟೋಪಿ ಹೊಲಿದವನು ನಾನು
(ಗಿರಾಕಿಗಳು ಇದನ್ನೇ ಬೇರೆ ಅರ್ಥದಲ್ಲಿ ಹೇಳುವುದುಂಟು).
ಹುಡ್ಡು, ಸೀಟು, ಸೈಡು ಪರದೆ,
ಕಾಫಿ ಒಣಹಾಕುವ ಟಾರ್ಪಾಲಿಗೆ ತೇಪೆ,
ಒಮ್ಮೆ ಬ್ಯಾಂಡ್‌ಸೆಟ್ಟಿನವರ ದೊಡ್ಡ ಡೋಲಿಗೊಂದು ಅಂಗಿ.
ಯಾವುದನ್ನೂ ಹೇಳಿದ ದಿನ ಕೊಟ್ಟವನಲ್ಲ.
ಬಾಯಲ್ಲಿ ಮೇಣದ ದಾರ, ದಾರದ ಸಂದಿಯಲ್ಲಿ ಒಂದೇ ಮಾತು:
ನಾಳೆ ಬಾ.

ಒಂದು ವರ್ಷ ಊರಿನ ಬಾಗಿಲ ಮೇಲೆಲ್ಲ
ಇದೇ ಮಾತನ್ನು ಸುಣ್ಣದಲ್ಲಿ ಬರೆದಿದ್ದರು,
ರಾತ್ರಿ ಕದ ತಟ್ಟುವವಳು ಓದಿಕೊಂಡು ತಿರುಗಿ ಹೋಗಲಿ ಅಂತ.
ಪಾಪದ ದೆವ್ವ. ಅಕ್ಷರ ಬರುತ್ತಿತ್ತು, ನಂಬುತ್ತಲೂ ಇತ್ತು.
ನನ್ನ ಗಿರಾಕಿಗಳು ಸ್ಟೂಲು ಎಳೆದುಕೊಂಡು ಕೂತೇಬಿಡುವರು.
ಮೇ ತಿಂಗಳ ಕೊನೆಗೆ
ಅಂಗಡಿಯ ಮುಂದೆ ಬೋಳು ಜೀಪುಗಳ ಸಾಲು,
ಚಾರ್ಮಾಡಿ ಕಡೆಯ ಮೋಡ ನೋಡುತ್ತ ಬೀಡಿ ಸೇದುವ ಡ್ರೈವರುಗಳು.
ಮೋಡಕ್ಕೂ ಹೇಳಿದ್ದೇನೆ ನಾನು, ನಾಳೆ ಬಾ ಮಾರಾಯ.

ಹೋದ ವರ್ಷ ಗೋಣಿಬೀಡಿನ ಲಾರೆನ್ಸನ ಪರದೆಗೆ
ಗುಂಡಿಗಳನ್ನು ಹೊರಮೈಗೆ ಹೊಲಿದುಬಿಟ್ಟೆ.
ಅವನು ಏನೂ ಅನ್ನಲಿಲ್ಲ.
ಮಳೆಗಾಲ ಪೂರ್ತಿ ಕೈ ಹೊರಗೆ ಚಾಚಿ,
ತೋಳು ತೋಯಿಸಿಕೊಂಡು ಗುಂಡಿ ಹಾಕಿದ.
ದೀಪಾವಳಿಗೆ ಆ ಜೀಪು ಕಂಡಾಗ ನಾನು ನೋಡಿದೆ,
ನಾನು ನೋಡಿದ್ದನ್ನು ಅವನು ನೋಡಿದ,
ಚಾ ಕುಡಿಯೋಣ ಕಾಕಾ ಅಂದ.
ಆ ಚಾದ ರುಚಿ ಇನ್ನೂ ನಾಲಿಗೆ ಬಿಟ್ಟಿಲ್ಲ.

ಪೂರ್ತಿ ಮುಚ್ಚಲು ಎದೆ ಬರಲಿಲ್ಲ.
ಅರ್ಧ ಎಳೆದ ಶಟರಿನಡಿ ಬಗ್ಗಿ ಕೇಳುತ್ತಾರೆ,
ತೆಗೀತಾ ಇದೀರೋ, ಹಾಕ್ತಾ ಇದೀರೋ?
ನೋಡೋಣ, ಅನ್ನುತ್ತೇನೆ.

ಮೊದಲ ಮಂಗಳವಾರ
ಬೆಳಿಗ್ಗೆ ಹನ್ನೊಂದು ಗಂಟೆಯ ಊರು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.
ಬಿಸಿಲು ಬಸ್‌ಸ್ಟ್ಯಾಂಡಿನ ಈ ಕಡೆಗೆ ಬೀಳುತ್ತದೆ.
ಹ್ಯಾಂಡ್‌ಪೋಸ್ಟಿನವರೆಗೆ ನಡೆದೆ, ಸುಮ್ಮನೆ,
ನಿಂತ ಜೀಪುಗಳ ಹೊಲಿಗೆ ಓದುತ್ತ.
ಇದು ರೆಡಿಮೇಡು. ಇದು ಸಕಲೇಶಪುರದ ಕೈ. ಇದು ನನ್ನದು,
ಅಂಗುಲಕ್ಕೆ ಐದು, ಮೂಲೆಯಲ್ಲಿ ಎರಡು ಸಲ ಹಿಂದೆ ಬಂದ ದಾರ.
ತಟ್ಟಿ ನೋಡಿದೆ.
ಒಳಗೆ ನಿದ್ದೆಗೆ ಜಾರಿದ್ದ ಹೆಂಗಸು ಬೆಚ್ಚಿ, ಯಾರದು? ಅಂದಳು.
ಏನು ಹೇಳಲಿ.
ಮನೆಗೆ ಬಂದು
ಓಡದ ಮಷೀನಿಗೆ ಎಣ್ಣೆ ಹಾಕಿದೆ.

ಬುಧವಾರ ಬಣಕಲ್ಲಿನ ಧರ್ಮಪಾಲ ಸೀಟು ತಂದಿಟ್ಟ.
ಬೇರೆ ಕೆಲಸವಿರಲಿಲ್ಲ, ಎದುರಿಗೆ ಯಾರೂ ಕೂತಿರಲಿಲ್ಲ.
ಶನಿವಾರ ಅಂದೆ.
ಶನಿವಾರ ಹತ್ತಕ್ಕೆ ಹೊಸ ಫೋಮು, ಹೊಸ ಪೈಪಿಂಗು,
ತೆಂಗಿನೆಣ್ಣೆ ಒರೆಸಿ ಮಿರಿಮಿರಿ ಮಾಡಿಟ್ಟೆ.
ಹನ್ನೊಂದಾಯಿತು. ಹನ್ನೆರಡೂವರೆ.
ಕಾದು ಕೂರುವುದು ಹೀಗಿರುತ್ತದೆಯೇ,
ಆ ಸ್ಟೂಲಿನ ಮೇಲೆ?
ಫೋನು ಮಾಡಿದೆ.
ಆ ಕಡೆ ನಗು ತಡೆದುಕೊಂಡ ದನಿ:
ಹೇಳಿದ ದಿನಕ್ಕೇ ಆಗಿಹೋಯ್ತಾ ಕಾಕಾ? ಹುಷಾರಾಗಿದೀರಿ ತಾನೆ?
ನಾನು ಹೊರಟೇ ಇಲ್ಲ. ನಾಳೆ ಬರ್ತೀನಿ ಬಿಡಿ.

ನಾಳೆ ಭಾನುವಾರ.
ಬೋರ್ಡಿನಲ್ಲಿಲ್ಲ.
ಬಾ, ಅಂದೆ.