ಏಣಿ ಯಾವ ಪುಟದಲ್ಲಿದೆ

ಆರುನೂರ ಹನ್ನೆರಡು ಪುಟ. ಹನ್ನೊಂದು ವರ್ಷ.
ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ದೆವ್ಲೆತಾ
ಕಾಳಲ್ಲಿ ಕಲ್ಲು ಆರಿಸುವವಳ ಹಾಗೆ ಹಾಳೆ ಮಗುಚುತ್ತಾಳೆ.
ಕಣ್ಣಿಗೆ ಪೊರೆ; ಮೊಮ್ಮಗ ಸಂಜೆಗಿಷ್ಟು ಓದಿ ಹೇಳಿದ್ದಾನಂತೆ.

"ಎಲ್ಲ ಇದೆ ಇದರಲ್ಲಿ. ಬೆಲೆಯೇರಿಕೆ,
ರೇಡಿಯೋದ ವಿಷ, ಲಾರಿಯಲ್ಲಿ ಬಂದಿಳಿದ ಬಂದೂಕು,
ಯಾರು ಯಾರಿಗೆ ಎಷ್ಟು ಗಂಟೆಗೆ ಫೋನು ಮಾಡಿದರು ಅನ್ನೋದೂ.
ಒಬ್ರೆನ್ ಏಣಿ ಒಯ್ದದ್ದು ಯಾವ ಪುಟದಲ್ಲಿದೆ?"

ದ್ರೀನಾ ದಂಡೆಯ ಊರು, ಮೇ ತಿಂಗಳು, ಅವನ ಸೂರು ಸೋರುತ್ತಿತ್ತು.
ಬುಧವಾರ ಒಯ್ದು ಹೆಂಚು ಕೂರಿಸಿದ.
ಶುಕ್ರವಾರ ಬೆಳಿಗ್ಗೆ ತಂದು ಗೋಡೆಗಾನಿಸಿದ,
ಮೆಟ್ಟಿಲು ಮೆಟ್ಟಿಲೂ ತೊಳೆದು,
ಅಲುಗುತ್ತಿದ್ದ ಒಂದಕ್ಕೆ ತಾನೇ ಮೊಳೆ ಹೊಡೆದು.
ಕಾಫಿ ಕುಡಿದ, ಎರಡು ಬಟ್ಟಲು.
ಶನಿವಾರ ಅದೇ ಬಾಗಿಲಿಗೆ ಬಂದ, ನಾಲ್ವರ ಜೊತೆ.
ಗಂಡ ಹೋದ, ಹಿರಿಯ ಮಗ ಹೋದ,
ಹದಿನಾಲ್ಕರ ಸೆನಾದ್ ಒಂದೇ ಕಾಲಿಗೆ ಬೂಟು ಏರಿಸಿಕೊಂಡು ಹೋದ.
ಹೋದರು ಅನ್ನುತ್ತಾಳೆ.
ಒಯ್ದ ಎಂಬ ಮಾತು ಅವಳಿಗೆ ಏಣಿಗಷ್ಟೇ ಮೀಸಲು.

ನಾನು ಗಂಟಲು ಸರಿಮಾಡಿಕೊಂಡೆ: ಅಂಥ ಕಾಲದಲ್ಲಿ,
ಹೆದರಿಕೆ, ಗುಂಪು, ಮೇಲಿನವರ ಆಜ್ಞೆ...
"ಬೇಕು ಮಗಾ, ಅದೂ ಬೇಕು. ಅದಿಲ್ಲದಿದ್ದರೆ ಕೋರ್ಟಿನವರು
ಸಿಡಿಲು ಬಡಿದು ಸತ್ತರು ಅಂತ ಬರಕೊಳ್ತಿದ್ದರು.
ಕೊಂದದ್ದು ತಿಳೀತು ನನಗೆ, ಹೆಚ್ಚುಕಡಿಮೆ.
ಮೊಳೆ ತಿಳೀಲಿಲ್ಲ."

ಏರಿದ ಏಣಿಯನ್ನು ಒದ್ದವರ ಬಗ್ಗೆ ಮಾತುಂಟು.
ತೊಳೆದು ತಂದವನಿಗೆ ಗಾದೆಯಿಲ್ಲ.

ಶಿಕ್ಷೆ ಮುಗಿಸಿ ಬಂದ ಒಬ್ರೆನನ ಹತ್ತಿರವೂ ಹೋದೆ.
ಜೇನುಪೆಟ್ಟಿಗೆಗಳ ನಡುವೆ ಬರಿಗೈಯಲ್ಲಿ ನಿಂತಿದ್ದ,
ಮುಂಗೈ ಮೇಲೆ ಹುಳ ಹರಿದಾಡುತ್ತಿದ್ದರೂ ಕೊಡವಲಿಲ್ಲ.
ಕೊಂದದ್ದು ಕೇಳಿದರೆ ಅವನ ಬಾಯಲ್ಲಿ ನನ್ನದೇ ಪುಸ್ತಕ:
ಅಂಥ ಕಾಲ, ಹೆದರಿಕೆ, ಗುಂಪು, ಆಜ್ಞೆ.
ಅಧ್ಯಾಯಗಳ ಕ್ರಮ ಕೂಡ ತಪ್ಪಲಿಲ್ಲ.
ಏಣಿ ಕೇಳಿದೆ.
ಆಗ ಮುಖವೆತ್ತಿದ, ಪೆದ್ದನನ್ನು ನೋಡುವಂತೆ:
"ಕಡ ತಂದದ್ದಲ್ವಾ? ವಾಪಸು ಕೊಡಬೇಡ್ವಾ?"

ಎರಡನೇ ಮುದ್ರಣ ಮಾರ್ಚಿಗೆ. ಪ್ರಕಾಶಕರು
ಅನುಬಂಧಕ್ಕೆ ಒಂದೂವರೆ ಪುಟ ಬಿಟ್ಟಿದ್ದಾರೆ.
ಎರಡು ಸಲ ಬರೆದೆ. ಎರಡು ಸಲವೂ
"ಆದ್ದರಿಂದ" ಎಂಬಲ್ಲಿಗೆ ಬಂದು ನಿಂತೆ.

ಮೊನ್ನೆ ಹೋದಾಗ ಪ್ಲಮ್ ಹಣ್ಣಾಗಿತ್ತು.
ಬುಟ್ಟಿ ಕೈಗಿತ್ತು, ಹತ್ತು ಅಂದಳು ದೆವ್ಲೆತಾ,
ತಾನು ಕೆಳಗೆ ನಿಂತು ಹಿಡಿದುಕೊಂಡಳು.
ನಾಲ್ಕನೆಯ ಮೆಟ್ಟಿಲಲ್ಲಿ ಆ ಮೊಳೆ.
ಭಾರವೆಲ್ಲ ಹಾಕಿ ನಿಂತು ನೋಡಿದೆ,
ಗಟ್ಟಿಯಾಗಿಯೇ ಇತ್ತು.